ಕೆಂಚಿಗೆ ಹಾಕಿದ ಬಂಗುಡೆ

ಜಲಜಾಕ್ಷಿ ಮಾಡಿದ್ದು ದ್ರೋಹ. ಹಸಿದಿರಬೇಕಾಗಿದ್ದ ಬೆಕ್ಕಿಗೆ ಅವಳು ಬೇಕೆಂದೇ ಹೊಟ್ಟೆ ತುಂಬ ಮೀನು ಹಾಕಿದಳು.

ಮೀನು ಮಾರುಕಟ್ಟೆಯ ಹಿಂದಿನ ಬೆಕ್ಕುಗಳಿಗೆ ವರ್ಷಗಟ್ಟಲೆ ಅನ್ನ ಹಾಕಿದವಳು ಅವಳೇ. ಯಾರ ಮನೆಯ ಅಟ್ಟದಲ್ಲಿ ಬೆಕ್ಕು ಮರಿ ಹಾಕಿದರೂ ಅವಳಿಗೇ ಕರೆ ಬರುತ್ತಿತ್ತು. ಆಮೇಲೆ ಹೊಲಿಗೆ ಅಂಗಡಿಯ ಐರಿನ್ ಒಂದು ತಂತಿಯ ಬೋನು ತಂದಳು. ಬೀದಿ ಬೆಕ್ಕುಗಳನ್ನು ಹಿಡಿದು, ಡಾಕ್ಟರಿಗೆ ತೋರಿಸಿ, ಸಾಕುವ ಮನೆ ಹುಡುಕಿ ಕೊಡತೊಡಗಿದಳು. ಕರೆಗಳೆಲ್ಲ ಐರಿನ್ ಕಡೆ ತಿರುಗಿದವು. "ಬೆಕ್ಕಿನ ವಿಷಯವಾ? ಐರಿನ್‌ಗೆ ಹೇಳಿ" ಎಂದು ಯಾರೋ ಅಂದದ್ದು ಕಿವಿಗೆ ಬಿದ್ದ ದಿನ ಜಲಜಾಕ್ಷಿಗೆ ಊಟ ಸೇರಲಿಲ್ಲ. ಅನ್ನ ಹಾಕಿದವಳು ನಾನು, ಹೆಸರು ಅವಳಿಗಾ?

ಆ ಬೆಕ್ಕುಗಳಲ್ಲಿ ಕೆಂಚಿ ಎಂಬುದೊಂದು. ಬಲೆಯ ನೈಲಾನ್ ದಾರ ಅದರ ಕುತ್ತಿಗೆಗೆ ಸಿಕ್ಕಿ ಬಿಗಿದುಕೊಂಡಿತ್ತು. ನೋವಿಗೆ ಅದು ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಐರಿನ್ ಜಲಜಾಕ್ಷಿಯ ಬಳಿಗೇ ಬಂದಳು.

"ಜಲಜಕ್ಕ, ಇವತ್ತು ಕೆಂಚಿಗೆ ಏನೂ ಹಾಕ್ಬೇಡಿ. ಹಸಿದ್ರೆ ಮಾತ್ರ ಬೋನಿನೊಳಗೆ ಹೋಗ್ತದೆ. ದಾರ ಕತ್ತರಿಸಿ ಗುಣವಾದ್ರೆ ಬಳೆ ಅಂಗಡಿಯವರು ಸಾಕ್ತಾರಂತೆ."

"ಆಯ್ತು ಮಾರಾಯ್ತಿ," ಎಂದಳು ಜಲಜಾಕ್ಷಿ. ಸಂಜೆಗೆ ಮುಂಚೆಯೇ ಐಸ್ ಪೆಟ್ಟಿಗೆಗಳ ಹಿಂದೆ ಕೆಂಚಿಯನ್ನು ಕರೆದು, ಮುಳ್ಳು ಬಿಡಿಸಿ ಬಂಗುಡೆ ಮೀನು ತಿನ್ನಿಸಿದಳು.

ಐರಿನ್ ಬೋನಿನ ಬಳಿ ಕಾದಳು. ಕೆಂಚಿ ದೂರದಲ್ಲಿ ಕೂತು ಬಾಯಿ ನೆಕ್ಕಿಕೊಂಡಿತು.

"ಐರಿನ್ ಬಾಯಮ್ಮ, ಬೆಕ್ಕು ಬರುವ ಹಾಗೆ ಕಾಣುದಿಲ್ಲ. ನೀವೇ ಒಳಗೆ ಕೂತ್ಕೊಳ್ಳಿ!" ಎಂದು ಮೀನು ಮಾರುವ ಹೆಂಗಸರು ನಕ್ಕರು.

ಆ ನಗು ಜಲಜಾಕ್ಷಿಗೆ ಪಾಯಸದಂತೆ ಇಳಿಯಿತು. ಮರುದಿನವೂ ಮೀನು ಹಾಕಿದಳು. ಅದರ ಮರುದಿನವೂ.

ಆಮೇಲೊಂದು ಸಂಜೆ ಕೆಂಚಿ ಅವಳ ಕೈಯ ಮೀನನ್ನು ಮೂಸಿತು, ಬಾಯಿಗೆ ತೆಗೆದುಕೊಂಡಿತು, ನುಂಗಲಾಗದೆ ಬಿಟ್ಟಿತು. ದಾರ ಮಾಂಸದೊಳಗೆ ಇಳಿದಿತ್ತು. ಈಗ ಹಸಿವಿತ್ತು, ಆದರೆ ತಿನ್ನುವ ಗಂಟಲಿರಲಿಲ್ಲ. ಬೋನಿನಲ್ಲಿ ಯಾವ ಮೀನಿಟ್ಟರೂ ಇನ್ನು ಅದು ಬರುವಂತಿರಲಿಲ್ಲ.

ಜಲಜಾಕ್ಷಿ ಗೋಣಿ ಎಸೆದು ಅದನ್ನು ಅಮುಕಿ ಹಿಡಿದಳು. ಮೊಣಕೈವರೆಗೂ ಪರಚಿಸಿಕೊಂಡು ಹೊಲಿಗೆ ಅಂಗಡಿಗೆ ಓಡಿದಳು.

"ಐರಿನ್, ದಿನಾ ನಾನೇ ಮೀನು ಹಾಕ್ತಿದ್ದೆ. ಇದು ನಿನ್ನ ಕೈಗೆ ಹೋಗ್ಬಾರ್ದು ಅಂತ."

ಐರಿನ್ ರಿಕ್ಷಾ ಕರೆದಳು. ಡಾಕ್ಟರು ದಾರ ಕತ್ತರಿಸಿದರು. ಕೆಂಚಿ ಬದುಕಲಿಲ್ಲ.

ಹೊರಗೆ ಬಂದ ಮೇಲೆ ಐರಿನ್ ಕೇಳಿದಳು: "ಬಂದರಿನ ಹತ್ರ ಕಾಲು ಮುರಿದ ಬೆಕ್ಕೊಂದು ಉಂಟು. ನಾಳೆ ಬೋನು ಇಡ್ತೇನೆ. ನೀವು ಬೋನು ಹೊರ್ಲಿಕ್ಕೆ ಬರ್ತೀರೋ, ಮೀನು ಹಾಕ್ಲಿಕ್ಕೆ ಬರ್ತೀರೋ?"

ಜಲಜಾಕ್ಷಿ ಬೋನು ಹೊರಲು ಹೋದಳು. ಕೆಂಚಿಗೆ ಅದರಿಂದ ಏನೂ ಉಪಯೋಗವಾಗಲಿಲ್ಲ.

ನೀತಿ: ಹೊಟ್ಟೆಕಿಚ್ಚು ಕಲ್ಲು ಹೊಡೆದೇ ಕೊಲ್ಲಬೇಕೆಂದಿಲ್ಲ, ಪ್ರೀತಿಯಿಂದ ಉಣಿಸಿಯೂ ಕೊಲ್ಲುತ್ತದೆ. ಇನ್ನೊಬ್ಬರ ಹೆಸರು ಕೆಡಿಸಲು ಹೋದರೆ ಸಾಯುವುದು ಬಾಯಿಲ್ಲದ ಜೀವ. ನಿಮ್ಮ ಬೀದಿಯಲ್ಲೂ ಯಾರೋ ಬೋನು ಇಟ್ಟು ಕಾಯುತ್ತಿದ್ದಾರೆ. ಅವರನ್ನು ಕಂಡರೆ ನಿಮಗೆ ಉರಿಯುತ್ತದೆಯೇ? ಉರಿಯಲಿ. ಆದರೂ ಎದ್ದು ಹೋಗಿ, ಇವತ್ತೇ ಹೋಗಿ, ಆ ಬೋನಿನ ಇನ್ನೊಂದು ತುದಿ ಹಿಡಿಯಿರಿ.