ಸಾವಿನ ಮನೆ ತಪ್ಪಿಸದ ಸದಸ್ಯ

ಐರ್ಲೆಂಡಿನ ಒಂದು ಜೌಗುನಾಡಿನಿಂದ ಫಿನ್‌ಬಾರ್ ಎಂಬ ಕಾಗೆ ಪ್ರತಿ ಸಲವೂ ಪಾರ್ಲಿಮೆಂಟಿಗೆ ಆರಿಸಿ ಹೋಗುತ್ತಿತ್ತು. ಅದು ಹಳ್ಳಕ್ಕೆ ಸೇತುವೆ ಕಟ್ಟಿಸಲಿಲ್ಲ, ಸಭೆಯಲ್ಲಿ ಬಾಯಿ ಬಿಡಲಿಲ್ಲ. ಆದರೆ ಕ್ಷೇತ್ರದ ಒಂದು ಸಾವಿನ ಮನೆಯನ್ನೂ ತಪ್ಪಿಸಲಿಲ್ಲ. ಕಪ್ಪು ಕೋಟಂತೂ ಹುಟ್ಟಿನಿಂದಲೇ ಮೈಮೇಲಿತ್ತು.

ಈ ಸಲ ಗೆಲುವು ಕಷ್ಟವೆಂದು ಕಾಗೆ ಕಂಗಾಲಾಗಿತ್ತು. ಚುನಾವಣೆಯ ಹಿಂದಿನ ದಿನ ಕತ್ತೆಯ ಮನೆಯಿಂದ ಅಳು ಕೇಳಿದ್ದೇ ತಡ, ಹಾರಿಬಂದು ಕತ್ತೆಯ ಹೆಂಡತಿಯ ಮುಂಗಾಲು ಹಿಡಿದು ಕುಲುಕಿತು.

"ನಿಮ್ಮ ದುಃಖದಲ್ಲಿ ನಾನೂ ಭಾಗಿ, ಅಕ್ಕಾ. ಎಂಥ ದೊಡ್ಡ ಜೀವ! ನಮ್ಮ ಸೇತುವೆಗೆ ಅವರ ಹೆಸರನ್ನೇ ಇಡಿಸುತ್ತೇನೆ."

"ಯಾವ ಸೇತುವೆ?" ಎನ್ನುತ್ತ ಹುಲ್ಲಿನೊಳಗಿಂದ ಕತ್ತೆ ತಲೆಯೆತ್ತಿತು. "ಅದು ಇಲ್ಲದ್ದಕ್ಕೇ ಹಳ್ಳಕ್ಕೆ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದೇನೆ."

"ಅಯ್ಯೋ, ಬದುಕಿದ್ದೀರಾ?"

"ಓಟು ಹಾಕುವಷ್ಟು ಬದುಕಿದ್ದೇನೆ, ಸ್ವಾಮಿ."

ಸೋತ ಸಂಜೆ ಕಾಗೆ ಮರದ ಬುಡದಲ್ಲಿ ಮುದುರಿ ಕುಳಿತಿತ್ತು. ಕುರಿ, ಹೆಬ್ಬಾತು, ಕುಂಟುವ ಕತ್ತೆ, ಎಲ್ಲವೂ ಸಾಲಾಗಿ ಬಂದವು. ಒಂದೊಂದೇ ಅದರ ರೆಕ್ಕೆ ಕುಲುಕಿ, ತಲೆ ತಗ್ಗಿಸಿ ಹೇಳಿದವು: "ನಿಮ್ಮ ದುಃಖದಲ್ಲಿ ನಾವೂ ಭಾಗಿ."