ಮುಸುವನ ಹಲ್ಲುಗವಸು

ಕಾಡಿನ ಕಬಡ್ಡಿ ಫೈನಲ್‌ನಲ್ಲಿ ದಾಳಿಗೆ ಹೋದ ಮುಸುವನಿಗೆ, ಮರಳಿ ನಡುಗೆರೆ ಮುಟ್ಟುವ ಮೊದಲೇ ಉಸಿರು ಕಡಿಯಿತು.

"ಎಲ್ಲ ಈ ಹಲ್ಲುಗವಸಿನ ಕಾಟ! ಬಾಯಿಗೆ ರಬ್ಬರ್ ತುರುಕಿಕೊಂಡರೆ ಗಾಳಿ ಎಲ್ಲಿಂದ ಬರಬೇಕು?" ಎಂದು ಅದನ್ನು ಕಿತ್ತೆಸೆದ.

ಎದುರು ತಂಡದ ಕರಡಿ ನಕ್ಕ. "ನಾನೂ ಅದನ್ನೇ ಹಾಕಿದ್ದೇನೆ, ಮಹಾರಾಯ. ನಸುಕಿನಲ್ಲಿ ನಾನು ಗುಡ್ಡ ಹತ್ತುವಾಗ ನೀನು ಕೊಂಬೆಯ ಮೇಲೆ ಗೊರಕೆ ಹೊಡೆಯುತ್ತಿದ್ದೆ."

ಮುಸುವ ಕೇಳಲಿಲ್ಲ. ಕೊನೆಯ ದಾಳಿಗೆ ಬರಿಬಾಯಲ್ಲೇ ನುಗ್ಗಿದ. ಉಸಿರು ಮತ್ತೆ ಅದೇ ಜಾಗದಲ್ಲಿ ಕಡಿಯಿತು. ಜೊತೆಗೆ ಕರಡಿಯ ಮೊಣಕೈ ತಗುಲಿ ಮುಂದಿನ ಹಲ್ಲೆರಡು ಉದುರಿದವು. ತಂಡವೂ ಸೋತಿತು.

ರಕ್ತ ಒರೆಸಿಕೊಳ್ಳುತ್ತ ಎದ್ದ ಮುಸುವ, "ಏನು ಧೂಳಪ್ಪ ಈ ಅಂಕಣದಲ್ಲಿ! ಮೂಗೇ ಕಟ್ಟಿಹೋಯಿತು" ಎಂದ.

"ಹಾಗಾದರೆ ಮುಂದಿನ ಸಲ ಮೂಗನ್ನೂ ಕಿತ್ತೆಸೆದು ಬಾ" ಎಂದ ಕರಡಿ.