ಹರಿವೆ ಹಿಡಿದ ದಾರಿ

ತುಂಬೆಕೆರೆ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ಅವನಿಗೆ ಆನೆ ಬೇಡ, ಕುದುರೆ ಬೇಡ, ಊಟದೆಲೆಯ ತುದಿಗೆ ಒಂದಿಷ್ಟು ಎಳೆ ಸೊಪ್ಪು ಬಿದ್ದರೆ ಸಾಕು, ಮುಖ ಅರಳಿಬಿಡೋದು. ನಗಬೇಡಿ, ಅಂಥ ರಾಜರೂ ಇದ್ದರು!

ಅರಮನೆಯ ಹಿಂದೆ ಪುಟ್ಟೀರಜ್ಜಿಯ ಹಿತ್ತಲು. ಹಳೇ ರಾಜರು ಅವಳ ಅತ್ತೆಗೆ ಕೊಟ್ಟದ್ದು. ಷರತ್ತು ಒಂದೇ. ಪ್ರತಿವರ್ಷ ಆಷಾಢದ ಹುಣ್ಣಿಮೆ ಊಟಕ್ಕೆ ಆ ಹಿತ್ತಲ ಬೀಜದ ಸೊಪ್ಪು ಒಂದು ಮೊರ ತುಂಬ ಬರಬೇಕು. ತಪ್ಪಿತೋ, ಹಿತ್ತಲು ಅರಮನೆ ತೋಟದ ಪಾಲು.

ಆ ತೋಟ ನೋಡಿಕೊಳ್ಳುವ ಯಜಮಾನ ಹೊಂಬಾಳಯ್ಯ. ಎಕರೆಗಟ್ಟಲೆ ನೆಲ ಕೈಯಲ್ಲಿದ್ದರೂ ಕಣ್ಣು ಮಾತ್ರ ಅಜ್ಜಿಯ ಹಿತ್ತಲ ಮೇಲೆ.

ಮಳೆ ಹತ್ತಿರ ಬಂತು. ಅಜ್ಜಿ ಕೊತ್ತಂಬರಿ ಬೀಜವನ್ನು ಮೊರದಲ್ಲಿ ಹರಡಿ, ಜಗಲಿ ಮೇಲೆ ಬಿಸಿಲಿಗೆ ಇಟ್ಟು ಬಾವಿಗೆ ಹೋದಳು. ಬಂದು ನೋಡಿದರೆ ಮೊರ ಖಾಲಿ. ಹೋಗಲಿ ಅಂತ ಮೆಂತ್ಯ ಹಾಕಿ ಬಾವಿಗೆ ಹೋದಳು. ಬಂದು ನೋಡಿದರೆ ಮೊರ ಖಾಲಿ. ಸಂಜೆಗೆ ಸರಿಯಾಗಿ ಹೊಂಬಾಳಯ್ಯ ಬೀದಿಯಲ್ಲಿ ನಿಂತು, "ಏನವ್ವಾ ಪುಟ್ಟೀರಮ್ಮ, ಬಿತ್ತನೆ ಆಯ್ತಾ? ವಯಸ್ಸಾಯ್ತು, ನಿನಗ್ಯಾಕೆ ಹಿತ್ತಲ ಉಸಾಬರಿ?" ಅಂದ.

"ಕೈಕಾಲು ಗಟ್ಟಿಯಾಗವೆ ಕಣಪ್ಪ," ಅಂದಳು ಅಜ್ಜಿ. ಬಾಯಿ ಮಾತಾಡುತ್ತಿತ್ತು, ಕಣ್ಣು ಜಗಲಿ ಮೇಲಿತ್ತು. ಮೊರದ ಅಂಚಿಗೆ ಗೋಣಿಯ ನಾರು ಸಿಕ್ಕಿಕೊಂಡಿತ್ತು.

ಅಜ್ಜಿ ಒಳಗೊಳಗೇ ನಕ್ಕಳು. ಮನೆಯಲ್ಲಿ ಉಳಿದಿದ್ದದ್ದು ಅತ್ತೆ ಕಾಲದ ಕೆಂಪು ಹರಿವೆ ಬೀಜ ಒಂದೇ. ಅದು ಸಾಸಿವೆಗಿಂತ ಸಣ್ಣ, ನುಣ್ಣಗೆ ಜಾರುವ ಕರೀ ಬೀಜ. ಬಲ್ಲವರು ಅದನ್ನು ಒಣಗಿದ ಸೋರೆಬುರುಡೆಯಲ್ಲಿ ಇಡುತ್ತಾರೆ. ಗೋಣಿಗೆ ತುಂಬಿದರೆ ನಿಲ್ಲುತ್ತದೆಯೇ? ಬುರುಡೆ ಬಗ್ಗಿಸಿ ಅಷ್ಟನ್ನೂ ಮೊರಕ್ಕೆ ಸುರಿದಳು.

ಅವಳ ಹೇಂಟೆ ಜುಟ್ಟಿ ಬೆಚ್ಚಿಬಿತ್ತು. "ಅಜ್ಜೀ, ಇದೂ ಹೋದ್ರೆ?"

"ಹೋಗ್ಲಿ ಅಂತಾನೇ ಇಟ್ಟಿರೋದು. ನೀನು ನಡಿ ಒಳಗೆ."

"ನಾನೇನ್ ತಪ್ಪು ಮಾಡ್ದೆ?"

"ಮಾಡಿಲ್ಲ, ಮಾಡ್ತೀಯ. ಆಚೆ ಬಿಟ್ರೆ ಸಾಕ್ಷೀನೆಲ್ಲಾ ಹೆಕ್ಕಿ ತಿಂದ್ಬಿಡ್ತೀಯ!"

ಜುಟ್ಟಿಯನ್ನು ಒಳಗೆ ಕೂಡಿ, ಬೀದಿಗೆಲ್ಲ ಕೇಳುವ ಹಾಗೆ "ಬಾವಿಗೆ ಹೋಗ್ತೀನಪ್ಪಾ!" ಅಂತ ಕೂಗಿ ಹೋದಳು. ಬಂದು ನೋಡಿದರೆ ಮೊರ ಖಾಲಿ.

ಮಳೆ ಹಿಡಿಯಿತು. ಕಳ್ಳ ಹೋದದ್ದು ಬೇಲಿ ಹಿಂದಿನ ಓಣಿಯಲ್ಲಿ. ಕದಿಯುವುದಕ್ಕೆ ಬಿಟ್ಟರೆ ಅವನು ಅತ್ತ ಕಾಲಿಟ್ಟವನಲ್ಲ. ಅಜ್ಜಿ ಮಾತ್ರ ದಿನಾ ಹೋಗುವಳು, ನೋಡುವಳು, ಎಲೆಅಡಿಕೆ ಹಾಕಿಕೊಂಡು ಬರುವಳು.

ಹುಣ್ಣಿಮೆ ಬಂತು. ಅಜ್ಜಿ ಖಾಲಿ ಮೊರ ಹಿಡಿದು ಅರಮನೆಗೆ ಬಂದಳು.

"ನೋಡಿ ಮಹಾಸ್ವಾಮಿ!" ಹೊಂಬಾಳಯ್ಯ ಕುಣಿದ. "ಅವಳ ಹಿತ್ತಲಲ್ಲಿ ಒಂದು ಗರಿಕೆ ಬಿಟ್ಟರೆ ಏನೂ ಇಲ್ಲ. ಷರತ್ತು ಷರತ್ತೇ!"

ರಾಜನ ಮುಖ ಬಾಡಿತು. "ಏನಜ್ಜಿ ಇದು?"

"ಬುದ್ಧೀ, ಈ ಸಾರಿ ನನ್ನ ಪಾತಿ ವಸಿ ಉದ್ದ ಆಗದೆ. ನೀವೇ ಬನ್ನಿ, ಕುಯ್ಕೊಂಡೇ ಬರಾಣ."

ಅಜ್ಜಿ ಮುಂದೆ, ರಾಜ ಹಿಂದೆ, ಅವನ ಹಿಂದೆ ಹೊಂಬಾಳಯ್ಯ. ಓಣಿಗೆ ತಿರುಗಿದರು. ಆಹಾ! ಹಿತ್ತಲ ಬೇಲಿಯಿಂದ ಹೊರಟು ಗೆರೆ ಎಳೆದ ಹಾಗೆ ಕೆಂಪು ಹರಿವೆ ಎದ್ದು ನಿಂತಿದೆ. ಅಜ್ಜಿ ಬಗ್ಗಿದಳು, ಚಿವುಟಿದಳು, ಮೊರಕ್ಕೆ ಹಾಕಿದಳು. ನಡೆದರು. ಹುಣಸೆಮರದ ಹತ್ತಿರ ಕಳ್ಳ ಸುಧಾರಿಸಿಕೊಳ್ಳಲು ಗೋಣಿ ಇಳಿಸಿದ್ದನೇನೋ, ಅಲ್ಲಂತೂ ಒಂದು ಮಡಿಯಷ್ಟು ಸೊಪ್ಪು! ಬಗ್ಗಿದಳು, ಚಿವುಟಿದಳು, ಹಾಕಿದಳು. ಮೊರ ತುಂಬಿತು. ಗೆರೆ ಮುಗಿಯಿತು. ತಲೆ ಎತ್ತಿದರೆ ಎದುರಿಗೆ ಹೊಂಬಾಳಯ್ಯನ ಉಗ್ರಾಣದ ಹಿಂಬಾಗಿಲು.

"ತೆಗಿ," ಅಂದ ರಾಜ.

ಒಳಗೆ ಕೊತ್ತಂಬರಿ ಇತ್ತು, ಮೆಂತ್ಯ ಇತ್ತು, ಪಕ್ಕದಲ್ಲಿ ಹರಿವೆ ಬೀಜ ಸೋರಿ ಬಡಕಲಾದ ಒಂದು ಗೋಣಿ ಇತ್ತು.

"ಷರತ್ತು ಷರತ್ತೇ," ಅಂದ ರಾಜ. "ಅಜ್ಜಿಯ ಬೀಜ, ಅಜ್ಜಿಯ ಸೊಪ್ಪು, ಮೊರ ತುಂಬಿದೆ. ಹಿತ್ತಲು ಅವಳದೇ. ನೀನು ಈ ಕೊತ್ತಂಬರಿಯನ್ನೆಲ್ಲ ಅಂಗೈಯಲ್ಲಿ ಉಜ್ಜಿ, ಹೋಳು ಮಾಡಿ, ಅವಳ ಮಡಿಯಲ್ಲಿ ಬಿತ್ತಿ, ನೀರು ಹೊತ್ತು ಹಾಕು."

"ಸಾಲು ಸೊಟ್ಟಗಾದ್ರೆ ಸುಮ್ನಿರಲ್ಲ ಕಣಪ್ಪ," ಅಂದಳು ಅಜ್ಜಿ. ಜುಟ್ಟಿ ಬೇಲಿ ಹತ್ತಿ ಕೂತು, "ನಾನೂ ನೋಡ್ಕೋತೀನಿ," ಅಂದಿತು.

ಇಷ್ಟೇ ನೀತಿ, ಮಕ್ಕಳೇ: ಕದ್ದ ಮಾಲನ್ನು ಎಲ್ಲಿ ಬೇಕಾದರೂ ಬಚ್ಚಿಡಬಹುದು, ಕದ್ದು ನಡೆದ ದಾರಿಯನ್ನು ಬಚ್ಚಿಡಲಾಗುವುದಿಲ್ಲ. ಹೊಂಬಾಳಯ್ಯ ಅಲ್ಲಿ ಕೊತ್ತಂಬರಿ ಉಜ್ಜುತ್ತಿರಲಿ, ನೀವು ಏಳಿ, ಕೈ ತೊಳೆದುಕೊಳ್ಳಿ, ಎಲೆ ಹಾಕಿದ್ದಾರೆ.